ಹೊರಗಿನಿಂದ ಬಂದದ್ದೆಲ್ಲ ಹಗೆಯಲ್ಲ



ಮುಂಗಾರಿನ ಎರಡು ಹದ ಮಳೆ ಬಿದ್ದರೆ ಸಾಕು, ನಾವು ಬಿತ್ತಿದ ಬೀಜಕ್ಕಿಂತ ಮುಂಚೆ ನಾವು ಬಿತ್ತದ ಬೀಜ ಮೇಲೇಳುತ್ತದೆ. ಹರಿಹರ ತಾಲ್ಲೂಕಿನ ನಾಲೆ ಏರಿ ಇರಲಿ, ನಮ್ಮ ಕಡರನಾಯಕನಹಳ್ಳಿಯ ಬಂಡಿದಾರಿ ಇರಲಿ, ದಾವಣಗೆರೆ ಕಡೆಯ ಮೆಕ್ಕೆಜೋಳದ ಹೊಲದ ಬದು ಇರಲಿ, ಎಲ್ಲಿ ನೋಡಿದರೂ ಅದೇ ಬಿಳಿ ಹೂವಿನ ಕಾಂಗ್ರೆಸ್ ಗಿಡ. ಅದನ್ನು ಕೀಳುವಾಗ ನಮ್ಮ ಜನರ ಬಾಯಲ್ಲಿ ಒಂದು ಮಾತು ಪದೇ ಪದೇ ಬರುತ್ತದೆ: "ಇದು ಪರದೇಶದ್ದು ನೋಡ್ರಿ, ಅದಕ್ಕೇ ಹಿಂಗೆ. ಪರದೇಶದ್ದು ಏನು ಬಂದರೂ ನಮಗೆ ಕೇಡೇ."

ಈ ಮಾತಿನಲ್ಲಿ ಅರ್ಧ ಸತ್ಯ ಇದೆ. ಪೂರಾ ಸುಳ್ಳನ್ನು ನಾವು ಬೇಗ ಗುರುತಿಸುತ್ತೇವೆ, ದಾರಿ ತಪ್ಪಿಸುವುದು ಅರ್ಧ ಸತ್ಯವೇ. ರೋಗ ಯಾವುದೆಂದು ತಿಳಿಯದೆ ಔಷಧಿ ಕುಡಿಸಿದರೆ ದನವೂ ಹೋಗುತ್ತದೆ, ದುಡ್ಡೂ ಹೋಗುತ್ತದೆ. ಹಾಗೆಯೇ ಯಾವುದು ಬರೀ ಹೊರಗಿನದು, ಯಾವುದು ನಮ್ಮ ಮೇಲೆ ಬಿದ್ದು ಆಕ್ರಮಣ ಮಾಡುವಂಥದ್ದು ಎಂದು ಬೇರೆ ಮಾಡಿ ನೋಡದಿದ್ದರೆ ನಮ್ಮ ಕೂಲಿ, ನಮ್ಮ ಸಾಲ, ನಮ್ಮ ಸಿಟ್ಟು ಎಲ್ಲವೂ ತಪ್ಪು ಜಾಗದಲ್ಲಿ ಖರ್ಚಾಗುತ್ತವೆ. ಆದ್ದರಿಂದ ಈ ತಿಂಗಳು ಇದೇ ವಿಷಯ ಎತ್ತಿಕೊಂಡಿದ್ದೇವೆ.

ಮೊದಲು ನಿಮ್ಮ ಮನೆಯಲ್ಲೇ ಹುಡುಕಿ

ಹೊರಗಿನದೆಲ್ಲ ಕೇಡು ಎನ್ನುವವರು ಮೊದಲು ತಮ್ಮ ಹೊಲ, ತಮ್ಮ ಅಡಿಗೆಮನೆ ನೋಡಿಕೊಳ್ಳಲಿ. ಇವತ್ತು ದಾವಣಗೆರೆ ಜಿಲ್ಲೆಯ ಮುಖ್ಯ ಬೆಳೆಗಳಲ್ಲಿ ಒಂದಾದ ಮೆಕ್ಕೆಜೋಳದ ಹುಟ್ಟೂರು ಮೆಕ್ಸಿಕೋ. ಮೆಣಸಿನಕಾಯಿ ಕೂಡ ಅಮೆರಿಕ ಖಂಡದ್ದೇ. ಹೊಳೆಯಾಚೆ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಎಂದರೆ ದೇಶಕ್ಕೆಲ್ಲ ಹೆಸರು. ಆದರೆ ಪೋರ್ಚುಗೀಸರ ಹಡಗು ಈ ಕಡೆ ಬರುವ ಮುಂಚೆ ಬ್ಯಾಡಗಿಯಲ್ಲಿ ಒಂದು ಮೆಣಸಿನಕಾಯಿಯೂ ಇರಲಿಲ್ಲ. ಆಗ ಖಾರ ಎಂದರೆ ಮುಖ್ಯವಾಗಿ ಕಾಳುಮೆಣಸು. ಶೇಂಗಾ, ಆಲೂಗಡ್ಡೆ, ಟೊಮ್ಯಾಟೊ, ಗೋಡಂಬಿ, ಪೇರಲ, ಪಪ್ಪಾಯಿ ಎಲ್ಲವೂ ಅದೇ ಸಮುದ್ರ ದಾಟಿ ಬಂದವು. ಸೂರ್ಯಕಾಂತಿಯಂತೂ ನಮ್ಮ ಕಣ್ಣ ಮುಂದೆ ಬಂದ ಬೆಳೆ. 1969ರಲ್ಲಿ ರಷ್ಯಾದಿಂದ ಬೀಜ ತರಿಸಿದ ಮೇಲೆ ಅದು ಎಣ್ಣೆಕಾಳಿನ ಬೆಳೆಯಾಗಿ ನಮ್ಮ ಹೊಲಕ್ಕೆ ಇಳಿಯಿತು.

"ಹೋಗಲಿ, ರಾಗಿ ಜೋಳ ಆದರೂ ನಮ್ಮವೇ ಅಲ್ಲವೇ?" ಎನ್ನಬಹುದು. ಸಾವಿರಾರು ವರ್ಷಗಳಿಂದ ನಮ್ಮವು ಎನ್ನುವುದು ನಿಜ. ಆದರೆ ಅವುಗಳ ಮೂಲ ಆಫ್ರಿಕಾ. ಊರ ಮುಂದಿನ ಹುಣಸೆಮರದ ಮೂಲವೂ ಆಫ್ರಿಕಾ. ಚನ್ನಗಿರಿ ಕಡೆಯವರು ನಂಬಿಕೊಂಡಿರುವ ಅಡಿಕೆ ಪೂರ್ವದ ದ್ವೀಪಗಳ ಕಡೆಯಿಂದ ಬಂದದ್ದು. ದಾವಣಗೆರೆಯ ಮಂಡಕ್ಕಿ ಮೆಣಸಿನಕಾಯಿಯನ್ನೇ ತಗೊಳ್ಳಿ. ಮಂಡಕ್ಕಿ ನಮ್ಮ ಭತ್ತದ್ದು, ಮೆಣಸಿನಕಾಯಿ ಅಮೆರಿಕದ್ದು. ಪರದೇಶದ್ದು ಬೇಡ ಅಂತ ತಟ್ಟೆಯಿಂದ ಮೆಣಸಿನಕಾಯಿ ಎತ್ತಿಟ್ಟು ಬರೀ ಮಂಡಕ್ಕಿ ತಿಂದವರು ಯಾರಾದರೂ ಇದ್ದಾರೆಯೇ?

ಇವೆಲ್ಲ ಹೊರಗಿನಿಂದ ಬಂದು ನಮ್ಮ ಹೊಟ್ಟೆ ತುಂಬಿಸಿದವು. ಹಾಗಾದರೆ ಕಾಂಗ್ರೆಸ್ ಗಿಡಕ್ಕೂ ಮೆಕ್ಕೆಜೋಳಕ್ಕೂ ವ್ಯತ್ಯಾಸ ಎಲ್ಲಿದೆ? ಎರಡೂ ಅಮೆರಿಕ ಖಂಡದವೇ. ವ್ಯತ್ಯಾಸ ಇರುವುದು ಹುಟ್ಟಿದ ಊರಿನಲ್ಲಿ ಅಲ್ಲ, ಇಲ್ಲಿ ಬಂದು ನಡೆದುಕೊಂಡ ರೀತಿಯಲ್ಲಿ.

ಎರಡು ಹೆಸರು, ಎರಡು ಅರ್ಥ

ವಿಜ್ಞಾನಿಗಳು ಇದಕ್ಕೆ ಎರಡು ಬೇರೆ ಹೆಸರು ಇಟ್ಟಿದ್ದಾರೆ. ಮನುಷ್ಯ ಗೊತ್ತಿದ್ದೋ ಗೊತ್ತಿಲ್ಲದೆಯೋ ಒಂದು ನಾಡಿನಿಂದ ಇನ್ನೊಂದು ನಾಡಿಗೆ ತಂದ ಗಿಡ, ಹುಳು, ಮೀನು ಯಾವುದೇ ಆಗಲಿ, ಅದು ಹೊರನಾಡಿನ ಜಾತಿ. ಹಾಗೆ ಬಂದದ್ದು ತಾನೇ ತಾನಾಗಿ ಹರಡಿ, ಮೊದಲಿದ್ದ ಗಿಡ ಪ್ರಾಣಿಗಳ ಜಾಗ ಕಿತ್ತುಕೊಂಡು, ಬೆಳೆಗೋ ನೀರಿಗೋ ಜನರ ಆರೋಗ್ಯಕ್ಕೋ ಹಾನಿ ಮಾಡಿದರೆ ಅದು ಆಕ್ರಮಣಕಾರಿ ಜಾತಿ. ಮೊದಲನೆಯದರಲ್ಲಿ ಕೇಳುವುದು ಎಲ್ಲಿಂದ ಬಂತು ಎಂದು. ಎರಡನೆಯದರಲ್ಲಿ ಕೇಳುವುದು ಬಂದು ಏನು ಮಾಡಿತು ಎಂದು.

ಲೆಕ್ಕವನ್ನೂ ನೋಡಿ. ಜೀವವೈವಿಧ್ಯದ ಬಗ್ಗೆ ಹಲವು ದೇಶಗಳ ಸರ್ಕಾರಗಳು ಸೇರಿ ಕಟ್ಟಿಕೊಂಡಿರುವ ಅಂತರರಾಷ್ಟ್ರೀಯ ವೇದಿಕೆ 2023ರಲ್ಲಿ ಒಂದು ವರದಿ ಕೊಟ್ಟಿತು. ಜಗತ್ತಿನಲ್ಲಿ ಮನುಷ್ಯನ ಕೈಯಿಂದ ಹೊಸ ಜಾಗ ಸೇರಿ ಬೇರೂರಿದ ಜಾತಿಗಳು 37 ಸಾವಿರಕ್ಕೂ ಹೆಚ್ಚು. ಅವುಗಳಲ್ಲಿ ಹಾನಿಕಾರಕ ಆಕ್ರಮಣಕಾರಿ ಎಂದು ಗುರುತಾದವು 3,500ಕ್ಕೂ ಹೆಚ್ಚು. ಅಂದರೆ ಹೆಚ್ಚು ಕಡಿಮೆ ಹತ್ತರಲ್ಲಿ ಒಂದು. ಪರಊರಿನಿಂದ ಬಂದ ಸೊಸೆ ಮನೆ ಬೆಳಗುತ್ತಾಳೆ. ಕಳ್ಳನೂ ಪರಊರಿನಿಂದಲೇ ಬಂದಿರಬಹುದು. ಇಬ್ಬರೂ ಪರಊರಿನವರು ಅಂತ ಇಬ್ಬರಿಗೂ ಒಂದೇ ಕೋಲು ಹಿಡಿಯುತ್ತೀರಾ? ಹಾಗಂತ ಒಂಬತ್ತು ಮಂದಿ ಒಳ್ಳೆಯವರು ಬಂದರೆಂದು ಹತ್ತನೆಯವನಿಗೆ ಬಾಗಿಲು ತೆಗೆದಿಟ್ಟು ಮಲಗುವುದೂ ಬುದ್ಧಿವಂತಿಕೆಯಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ತೊಂದರೆ ಕೊಡುವುದೆಲ್ಲ ಹೊರಗಿನದೂ ಅಲ್ಲ. ಜೇಕು, ಗರಿಕೆ ನಮ್ಮ ನೆಲದವೇ. ಕಳೆ ತೆಗೆಯುವವರ ಬೆನ್ನು ಮುರಿಯುವುದರಲ್ಲಿ ಅವೇನು ಕಡಿಮೆಯಿಲ್ಲ. ಆದರೆ ನಮ್ಮ ಅಜ್ಜ ಮುತ್ತಜ್ಜರ ಕಾಲದಿಂದ ಅವುಗಳ ಪಟ್ಟು ನಮಗೆ ಗೊತ್ತು, ಅವನ್ನು ಮೇಯುವ ದನ, ತಿನ್ನುವ ಹುಳು ಇಲ್ಲೇ ಇವೆ. ಗರಿಕೆ ಹೊಲಕ್ಕೆ ಕಳೆ, ದನಕ್ಕೆ ಮೇವು.

ಹೊಲದಲ್ಲಿ ನಿಂತು ಕೇಳಬೇಕಾದ ಮೂರು ಪ್ರಶ್ನೆ

ಪುಸ್ತಕ ಓದದೆಯೇ ವ್ಯತ್ಯಾಸ ತಿಳಿಯುವ ದಾರಿ ಇದೆ. ಯಾವುದೇ ಹೊಸ ಗಿಡ ಅಥವಾ ಹುಳು ಕಂಡಾಗ ಮೂರು ಪ್ರಶ್ನೆ ಕೇಳಿ.

ಒಂದು: ನಾವು ಬಿತ್ತದೆ, ನೀರು ಕೊಡದೆ ಇದು ತಾನಾಗಿ ಹರಡುತ್ತದೆಯೇ?

ಎರಡು: ಹರಡಿದ ಜಾಗದಲ್ಲಿ ಮೊದಲಿದ್ದದ್ದನ್ನು ಬದುಕಲು ಬಿಡುತ್ತದೆಯೇ?

ಮೂರು: ನಾವು ಕೈಬಿಟ್ಟರೆ ಇದು ಕಡಿಮೆಯಾಗುತ್ತದೆಯೇ, ಹೆಚ್ಚಾಗುತ್ತದೆಯೇ?

ಮೆಕ್ಕೆಜೋಳವನ್ನು ಈ ಪರೀಕ್ಷೆಗೆ ಹಚ್ಚಿ. ಅದರ ಕಾಳು ತೆನೆ ಬಿಟ್ಟು ತಾನಾಗಿ ಉದುರುವುದಿಲ್ಲ. ನಾವು ಬಿಡಿಸಿ ಬಿತ್ತಬೇಕು, ಗೊಬ್ಬರ ಹಾಕಬೇಕು, ಎಡೆಕುಂಟೆ ಹೊಡೆಯಬೇಕು. ಎರಡು ವರ್ಷ ಬಿತ್ತದೆ ಬಿಟ್ಟರೆ ಹೊಲದಲ್ಲಿ ಹುಡುಕಿದರೂ ಒಂದು ದಂಟು ಸಿಗುವುದಿಲ್ಲ. ಅದು ಹೊರನಾಡಿನದು, ಆದರೆ ಆಕ್ರಮಣಕಾರಿ ಅಲ್ಲ. ಕಾಂಗ್ರೆಸ್ ಗಿಡವನ್ನು ಹಚ್ಚಿ. ಬಿತ್ತುವವರು ಯಾರೂ ಇಲ್ಲ, ಹರಡುವುದು ನಿಂತಿಲ್ಲ. ಅದರ ಎಲೆ ಬೇರಿನಿಂದ ಇಳಿಯುವ ರಸ ಅಕ್ಕಪಕ್ಕದ ಬೀಜ ಮೊಳೆಯದಂತೆ ತಡೆಯುತ್ತದೆ. ದನ ಮೂಸಿ ಬಿಡುತ್ತವೆ, ಬೇರೆ ಮೇವಿನ ಜೊತೆ ತಿಂದರೆ ಹಾಲು ಕಹಿಯಾಗುತ್ತದೆ. ಬರಿಗೈಲಿ ಕಿತ್ತವರಿಗೆ ತುರಿ, ಗಾಯ; ಅದರ ಹೂವಿನ ಧೂಳು ಕುಡಿದವರಿಗೆ ಉಬ್ಬಸ. ಒಂದು ವರ್ಷ ಹೊಲ ಬೀಳುಬಿಟ್ಟರೆ ಪೂರಾ ಅದರದ್ದೇ ರಾಜ್ಯ. ಮೂರು ಪ್ರಶ್ನೆಗೂ ಅದು ಕೊಡುವ ಉತ್ತರ ಒಂದೇ.

ಹೀಗೇಕಾಗುತ್ತದೆ? ಪ್ರತಿಯೊಂದು ಗಿಡಕ್ಕೂ ಅದರ ಹುಟ್ಟೂರಿನಲ್ಲಿ ಶತ್ರುಗಳಿರುತ್ತವೆ. ತಿನ್ನುವ ಹುಳು, ಹತ್ತುವ ಬೂಷ್ಟು, ಪೈಪೋಟಿ ಮಾಡುವ ಬೇರೆ ಗಿಡ. ಅಲ್ಲಿ ಅದು ಎಲ್ಲರ ಜೊತೆ ಒಂದಾಗಿ ಅಳತೆಯಲ್ಲಿ ಇರುತ್ತದೆ. ಸಮುದ್ರ ದಾಟುವಾಗ ಗಿಡ ಬಂತು, ಶತ್ರು ಅಲ್ಲೇ ಉಳಿಯಿತು. ಬೀಜ ಬೇಗ ಕಟ್ಟುವ, ಯಾವ ನೆಲವಾದರೂ ಒಗ್ಗುವ ಗುಣ ಇದ್ದರಂತೂ ಕೇಳುವವರೇ ಇಲ್ಲ.

ಬಿತ್ತದ ಬೆಳೆಯ ಚಕ್ರಬಡ್ಡಿ

ಈ ಗಿಡ ಅಮೆರಿಕದ ಗೋಧಿಯ ಜೊತೆ ಬಂತೆಂಬುದು ಎಲ್ಲರ ಬಾಯಲ್ಲಿರುವ ಮಾತು. ಪುಣೆಯಲ್ಲಿ ಇದನ್ನು ಗುರುತಿಸಿದ್ದು 1955ರಲ್ಲಿ. ಪಿ.ಎಲ್. 480 ಗೋಧಿಯ ಒಪ್ಪಂದಕ್ಕೆ ಭಾರತ ಸಹಿ ಹಾಕಿದ್ದು 1956ರಲ್ಲಿ. ಅದಕ್ಕೂ ಮುಂಚೆ 1951ರಲ್ಲಿ ಅಮೆರಿಕ ನಮಗೆ ಗೋಧಿಗಾಗಿಯೇ ಸಾಲ ಕೊಟ್ಟಿತ್ತು, ಆ ಗೋಧಿ ಬಂದಿತ್ತು. ಇನ್ನೂ ಹಿಂದೆಯೇ ಅಲ್ಲೊಂದು ಇಲ್ಲೊಂದು ಗಿಡ ಇತ್ತೆಂದು ಹೇಳುವ ಸಸ್ಯಶಾಸ್ತ್ರಜ್ಞರೂ ಇದ್ದಾರೆ. ಏನೇ ಇರಲಿ, ದೇಶವೆಲ್ಲ ಹರಡಿದ್ದು ಆಮೇಲೆ. ಕರ್ನಾಟಕ ಸರ್ಕಾರ 1975ರಲ್ಲೇ ಇದನ್ನು ಹಾನಿಕಾರಕ ಕಳೆ ಎಂದು ಘೋಷಿಸಿತು. 1968ರ ಕೃಷಿ ಪೀಡೆ ಮತ್ತು ರೋಗಗಳ ಕಾಯಿದೆ ಅದಕ್ಕೆ ಆಧಾರ. ಕಾಗದದಲ್ಲಿ ಕಾಯಿದೆ ಬೆಳೆಯಿತು, ರಸ್ತೆ ಬದಿಯಲ್ಲಿ ಗಿಡ ಬೆಳೆಯಿತು.

ಸಾಲ ಮಾಡಿದವರಿಗೆ ಇದರ ಲೆಕ್ಕ ಬೇಗ ಅರ್ಥವಾಗುತ್ತದೆ. ಚೆನ್ನಾಗಿ ಬೆಳೆದ ಒಂದು ಗಿಡ 15 ಸಾವಿರದಿಂದ 25 ಸಾವಿರ ಬೀಜ ಕಟ್ಟುತ್ತದೆ. ಕಡಿಮೆ ಲೆಕ್ಕವನ್ನೇ ಹಿಡಿಯೋಣ, 15 ಸಾವಿರ. ಅದರಲ್ಲಿ ನೂರಕ್ಕೆ ಒಂದು ಮಾತ್ರ ಗಿಡವಾಯಿತು ಎನ್ನಿ. ಆಗ 150 ಗಿಡ. ಆ 150 ಗಿಡಗಳ ಬೀಜ 22 ಲಕ್ಷ 50 ಸಾವಿರ. ಅದರಲ್ಲೂ ನೂರಕ್ಕೆ ಒಂದೇ ಎಂದರೂ 22,500 ಗಿಡ. ಮೊಳೆತ ಒಂದು ತಿಂಗಳಿಗೆಲ್ಲ ಹೂ ಬರುವ ಗಿಡಕ್ಕೆ ಈ ಎರಡು ತಲೆಮಾರು ಮುಗಿಸಲು ಒಂದು ಮಳೆಗಾಲ ಸಾಕು. ಸಾಹುಕಾರನ ಚಕ್ರಬಡ್ಡಿ ಕೂಡ ಈ ವೇಗದಲ್ಲಿ ಬೆಳೆಯುವುದಿಲ್ಲ. ಜೊತೆಗೆ, ಉದುರಿದ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಸಾಯದೆ ಕಾಯುತ್ತದೆ. ಅಸಲು ಹುಟ್ಟುವ ಮೊದಲೇ, ಅಂದರೆ ಹೂ ಬಿಡುವ ಮುಂಚೆ ಒಂದು ಗಿಡ ಕಿತ್ತರೆ ಒಂದು ನಿಮಿಷದ ಕೆಲಸ. ಬೀಜ ಉದುರಿದ ಮೇಲೆ ಅದೇ ಜಾಗಕ್ಕೆ ಆಳಿನ ಮೇಲೆ ಆಳು ಹಚ್ಚಬೇಕು.

ಆಕ್ರಮಣಕಾರಿಯನ್ನು ಹಿಡಿಯಲು ಕರೆಸಿದ ಹೊರಗಿನವನ ಕಥೆಯೂ ಇದೆ. ಕಾಂಗ್ರೆಸ್ ಗಿಡದ ಎಲೆಯನ್ನೇ ತಿನ್ನುವ ಒಂದು ದುಂಬಿಯನ್ನು 1983ರಲ್ಲಿ ಮೆಕ್ಸಿಕೋದಿಂದ ಬೆಂಗಳೂರಿಗೆ ತಂದು, ಪರೀಕ್ಷೆ ಮಾಡಿ, 1984ರಲ್ಲಿ ಹೊರಗೆ ಬಿಟ್ಟರು. ಸ್ವಲ್ಪ ಕಾಲದಲ್ಲೇ ಅದು ಸೂರ್ಯಕಾಂತಿ ಎಲೆಯ ಮೇಲೆ ಕಂಡಿತೆಂದು ಗದ್ದಲವಾಯಿತು. "ಪರದೇಶದ ಹುಳು ತಂದು ರೈತನ ಬೆಳೆಗೆ ಬಿಟ್ಟರು" ಎಂದರು, ಬಿಡುಗಡೆ ನಿಂತಿತು. ಆಮೇಲೆ ಪರೀಕ್ಷೆ ನಡೆಸಿದಾಗ ತಿಳಿದದ್ದು, ಕಾಂಗ್ರೆಸ್ ಗಿಡದ ಪರಾಗ ಬಿದ್ದ ಸೂರ್ಯಕಾಂತಿ ಎಲೆಯನ್ನು ಅದು ಕಚ್ಚಿ ನೋಡುತ್ತದೆ, ಅದರ ಮೇಲೆ ಸಂತಾನ ಬೆಳೆಸಲಾರದು. ಮಳೆಗಾಲದಲ್ಲಿ ಎಲೆಯೆಲ್ಲ ಜರಡಿಯಾದ ಕಾಂಗ್ರೆಸ್ ಗಿಡ ನೀವು ನೋಡಿದ್ದರೆ ಅದು ಈ ದುಂಬಿಯ ಕೆಲಸ. ಬೇಸಿಗೆಯಲ್ಲಿ ಅದು ಮಣ್ಣೊಳಗೆ ಮಲಗುತ್ತದೆ, ಆದ್ದರಿಂದ ಅದೊಂದನ್ನೇ ನಂಬಿ ಕೂರುವ ಹಾಗಿಲ್ಲ. ಆದರೂ ನಮ್ಮ ಪರ ದುಡಿಯುವ ಆ ಹುಳು ಹೊರನಾಡಿನದೇ ಎಂಬುದು ನೆನಪಿರಲಿ.

ಹಿಂದಿನ ತಲೆಮಾರಿನವರು ಪಾಪಾಸುಕಳ್ಳಿಯ ಕಾಟ ಕಂಡವರು. ಅದೂ ಅಮೆರಿಕದಿಂದಲೇ ಬಂದು ಊರ ಸುತ್ತ ಗೋಡೆ ಕಟ್ಟಿದಂತೆ ಬೆಳೆದಿತ್ತು. 1926ರಲ್ಲಿ ಅದನ್ನೇ ತಿನ್ನುವ ಒಂದು ಸಣ್ಣ ಹಿಟ್ಟುತಿಗಣೆಯನ್ನು ಸಿಂಹಳದಿಂದ ತಂದು ಬಿಟ್ಟ ಮೇಲೆ ದಕ್ಷಿಣ ಭಾರತದಲ್ಲಿ ಅದರ ಸೊಕ್ಕು ಇಳಿಯಿತು. 2008ರಲ್ಲಿ ಪಪ್ಪಾಯಿ, ಹಿಪ್ಪುನೇರಳೆಗೆ ಬಿಳಿ ಹಿಟ್ಟುತಿಗಣೆ ಬಿದ್ದಾಗಲೂ ಹೀಗೇ ಆಯಿತು. ಔಷಧಿ ಹೊಡೆದು ಹೊಡೆದು ರೈತ ಸೋತ. 2010ರಲ್ಲಿ ಹೊರದೇಶದಿಂದ ತರಿಸಿದ ಒಂದು ಸಣ್ಣ ಕಣಜ ಆ ಕೆಲಸ ಮಾಡಿ ಮುಗಿಸಿತು. ಹಾಗಂತ ಯಾರು ಬೇಕಾದರೂ ಏನು ಬೇಕಾದರೂ ತಂದು ಬಿಡಬಹುದು ಎಂದಲ್ಲ. ಈ ಹುಳುಗಳನ್ನು ಬಿಡುವ ಮುಂಚೆ ಬೇರೆ ಏನನ್ನು ತಿನ್ನುತ್ತವೆ ಎಂದು ನೋಡಿ ಬಿಟ್ಟರು. ಬಳ್ಳಾರಿ ಜಾಲಿ ತಂದಾಗ ಹಾಗೆ ನೋಡಿದವರು ಯಾರೂ ಇರಲಿಲ್ಲ.

ಬಳ್ಳಾರಿ ಜಾಲಿ ಎಂಬ ಹೆಸರು ಕೇಳಿದರೆ ನಮ್ಮ ಬಳ್ಳಾರಿಯದೇ ಎನ್ನಿಸುತ್ತದೆ. ಅದೂ ಅಮೆರಿಕ ಖಂಡದ್ದು. 1877ರ ಹೊತ್ತಿಗೆ ಇಂಗ್ಲಿಷರು ಕಡಪ ಕಡೆ ಬೀಜ ತರಿಸಿ ಹಾಕಿದರು. ಒಣನಾಡಿಗೆ ಸೌದೆಯಾಗಲಿ ಎಂಬುದು ಉದ್ದೇಶ. ಸೌದೆಯೇನೋ ಆಯಿತು. ಭೂಮಿಯಿಲ್ಲದ ಬಡವರು ಅದನ್ನು ಕಡಿದು, ಇದ್ದಲು ಸುಟ್ಟು ಒಲೆ ಹಚ್ಚಿಕೊಂಡದ್ದನ್ನು ಅಲ್ಲಗಳೆಯಬಾರದು. ಆದರೆ ಆಡು, ದನ ಅದರ ಕಾಯಿ ತಿಂದು ಹಿಕ್ಕೆ ಸಗಣಿಯಲ್ಲಿ ಬೀಜ ಹರಡಿದವು. ಕಡಿದರೆ ಬುಡದಿಂದ ಹತ್ತು ಚಿಗುರು ಏಳುತ್ತವೆ. ಕೆರೆಯಂಗಳ, ಗೋಮಾಳ, ಹಳ್ಳದ ದಂಡೆ ಅದರ ಪಾಲಾದವು. ನಮ್ಮ ಕರಿಜಾಲಿ ನೋಡಿ, ಹೊಲದ ಬದುವಿನಲ್ಲಿ ನೂರಾರು ವರ್ಷ ಇದೆ. ನೇಗಿಲಿಗೆ ಮರ, ಆಡಿಗೆ ಕಾಯಿ, ಬೇಲಿಗೆ ಮುಳ್ಳು ಕೊಟ್ಟು ಬದುವಿನಲ್ಲೇ ನಿಂತಿದೆ. ಹೆಸರಿನಲ್ಲಿ ಎರಡೂ ಜಾಲಿಯೇ.

ನೀಲಗಿರಿಯ ತಪ್ಪು ಯಾರದು?

ಇಷ್ಟು ಹೇಳಿದ ಮೇಲೆ ನೀವು ಕೇಳುವ ಪ್ರಶ್ನೆ ನಮಗೆ ಗೊತ್ತು. "ಹಾಗಾದರೆ ನೀಲಗಿರಿ ಯಾವ ಗುಂಪಿಗೆ ಸೇರಿತು?"

ನೀಲಗಿರಿಯ ಹುಟ್ಟೂರು ಆಸ್ಟ್ರೇಲಿಯಾ. ಸುಮಾರು 1790ರಲ್ಲಿ ಟಿಪ್ಪು ಸುಲ್ತಾನ ನಂದಿಬೆಟ್ಟದಲ್ಲಿ ನೆಡಿಸಿದನೆಂಬುದು ಪ್ರಸಿದ್ಧ. ಅದನ್ನು ಮೂರು ಪ್ರಶ್ನೆಯ ಪರೀಕ್ಷೆಗೆ ಹಚ್ಚಿ. ಅದರ ಬೀಜ ಗಾಳಿಯಲ್ಲಿ ಬಂದು ನಿಮ್ಮ ಹೊಲವನ್ನು ತಾನಾಗಿ ತುಂಬಿತೆಂದು ಯಾರಾದರೂ ಹೇಳಿದ್ದಾರೆಯೇ? ಇಲ್ಲ. ನಮ್ಮ ನಾಡಿನ ಲಕ್ಷಾಂತರ ಎಕರೆ ನೀಲಗಿರಿ ನರ್ಸರಿಯಲ್ಲಿ ಬೆಳೆಸಿ, ಗುಂಡಿ ತೋಡಿ, ಕೈಯಿಂದ ನೆಟ್ಟದ್ದು. ಅಂದರೆ ಅದು ಹೊರನಾಡಿನದು, ಹಾನಿಯನ್ನೂ ಮಾಡಿತು, ಆದರೆ ಆಕ್ರಮಣ ಮಾಡಿದ್ದು ಗಿಡವಲ್ಲ. ನೆಟ್ಟ ನೀತಿ.

ಇದು ನಮ್ಮ ಹೊಳೆ ದಂಡೆಯ ಕಥೆಯೇ. ಹರಿಹರದ ಆಚೆ ದಂಡೆಯ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ 1972ರಲ್ಲಿ ಶುರುವಾಯಿತು. ರೇಯಾನ್ ನೂಲಿಗೆ ಬೇಕಾದ ತಿರುಳು ಮಾಡಲು ಅದಕ್ಕೆ ನೀಲಗಿರಿ ಬೇಕು. 1984ರಲ್ಲಿ ಸರ್ಕಾರವೂ ಕಾರ್ಖಾನೆಯೂ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಮಾಡಿ, ಸುಮಾರು 30 ಸಾವಿರ ಹೆಕ್ಟೇರ್ ಸರ್ಕಾರಿ ಜಮೀನನ್ನು ಅದಕ್ಕೆ ಒಪ್ಪಿಸಲು ಹೊರಟವು. ಅದು ಕಾಗದದಲ್ಲಿ ಪಾಳುಭೂಮಿ. ಊರವರ ಲೆಕ್ಕದಲ್ಲಿ ದನ ಮೇಯುವ, ಸೌದೆ ಸೊಪ್ಪು ತರುವ ಜಾಗ. ಸಮಾಜ ಪರಿವರ್ತನ ಸಮುದಾಯದವರು, ಹಳ್ಳಿಯ ಜನ ಎದ್ದು ನಿಂತರು. ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1987ರ ನವೆಂಬರ್ 14ರಂದು ಈಗಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ನೀಲಗಿರಿ ಸಸಿ ಕಿತ್ತು, ಜನರಿಗೆ ಬೇಕಾದ ಸಸಿ ಹಚ್ಚಿದರು. ಅದನ್ನೇ ಕಿತ್ತಿಕೊ ಹಚ್ಚಿಕೊ ಸತ್ಯಾಗ್ರಹ ಎಂದದ್ದು. 1991ರಲ್ಲಿ ಆ ಕಂಪನಿ ಮುಚ್ಚಿತು.

ಅದಕ್ಕೂ ನಾಲ್ಕು ವರ್ಷ ಮುಂಚೆ, 1983ರಲ್ಲಿ, ತುಮಕೂರು ಜಿಲ್ಲೆಯಲ್ಲಿ ರೈತರು ಅರಣ್ಯ ಇಲಾಖೆಯ ನರ್ಸರಿಗೆ ಹೋಗಿ ನೀಲಗಿರಿ ಸಸಿ ಕಿತ್ತೆಸೆದು ಆ ಜಾಗದಲ್ಲಿ ಹುಣಸೆ, ಮಾವಿನ ಬೀಜ ಹಾಕಿ ಬಂದಿದ್ದರು. ಇದನ್ನು ಗಮನವಿಟ್ಟು ನೋಡಿ. ಆಸ್ಟ್ರೇಲಿಯಾದ ಗಿಡ ಕಿತ್ತು ಆಫ್ರಿಕಾ ಮೂಲದ ಹುಣಸೆ ಹಾಕಿದರು! ಆ ರೈತರು ತಪ್ಪು ಮಾಡಿದರೇ? ಇಲ್ಲ. ಅವರ ಸಿಟ್ಟು ಇದ್ದದ್ದು ಗಿಡದ ಹುಟ್ಟೂರಿನ ಮೇಲಲ್ಲ. ಹುಣಸೆ ಊರಿನ ಎಲ್ಲರಿಗೂ ಹಣ್ಣು ಕೊಡುತ್ತದೆ, ನೆರಳು ಕೊಡುತ್ತದೆ. ಕಾರ್ಖಾನೆಗೆ ಹೋಗುವ ನೀಲಗಿರಿಯ ಎಲೆಯನ್ನು ಆಡು ಸಹ ಮುಟ್ಟುವುದಿಲ್ಲ. ಹೊರಗಿನದು ಯಾವುದು ಎನ್ನುವುದಕ್ಕಿಂತ ಯಾರಿಗೆ ಬೇಕಾದದ್ದು ಎಂದು ಅವರು ಕೇಳಿದರು. ಸರಿಯಾದ ಪ್ರಶ್ನೆ ಕೇಳಿದ್ದಕ್ಕೇ ಸರಿಯಾದ ಕೆಲಸ ಆಯಿತು.

ಖಾಸಗಿ ಹೊಲದ ನೀಲಗಿರಿಯದು ಬೇರೆ ಕಥೆ. ಕೋಲಾರ, ಬೆಂಗಳೂರು ಗ್ರಾಮಾಂತರ ಕಡೆ ರಾಗಿ ಹೊಲಗಳು ನೀಲಗಿರಿ ತೋಪಾದದ್ದು ಏಕೆ? ರಾಗಿಗೆ ಬೆಲೆ ಇಲ್ಲ, ಆಳು ಸಿಗುವುದಿಲ್ಲ, ನೀಲಗಿರಿಯಾದರೆ ಒಮ್ಮೆ ನೆಟ್ಟು ಬಿಟ್ಟರಾಯಿತು ಎಂದು. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ತಡೆದು ಆದೇಶ ಹೊರಡಿಸಿತು. ಆದೇಶದಿಂದ ಇಂಥ ಗಿಡ ನಿಲ್ಲುತ್ತದೆ, ಏಕೆಂದರೆ ಅದನ್ನು ನೆಡುವುದು ಮನುಷ್ಯನ ಕೈ. ಕಾಂಗ್ರೆಸ್ ಗಿಡಕ್ಕೆ 1975ರ ಘೋಷಣೆ ಓದಿ ಹೇಳಿದರೆ ಅದು ಕೇಳುತ್ತದೆಯೇ? ಕಾಯಿಲೆ ಬೇರೆ, ಮದ್ದೂ ಬೇರೆ.

ಹೊಸ ಹುಳು, ಹಳೇ ಸಾಲ

ಈಗ ನಮ್ಮ ಜೇಬಿಗೆ ನೇರವಾಗಿ ಕೈ ಹಾಕಿದ ಆಕ್ರಮಣಕಾರಿಯ ಮಾತಿಗೆ ಬರೋಣ. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮೆಕ್ಕೆಜೋಳದ ಹೊಲದಲ್ಲಿ ಅಲ್ಲಿನ ಕೃಷಿ ವಿಜ್ಞಾನಿಗಳು ಒಂದು ಹೊಸ ಲದ್ದಿಹುಳು ಕಂಡರು. ತಲೆಯ ಮೇಲೆ ಬುಡಮೇಲಾದ ಇಂಗ್ಲಿಷಿನ ವೈ ಅಕ್ಷರದ ಗುರುತು, ಬಾಲದ ಹತ್ತಿರ ಚೌಕವಾಗಿ ನಾಲ್ಕು ಕಪ್ಪು ಚುಕ್ಕೆ. ಅದು ಫಾಲ್ ಸೈನಿಕ ಹುಳು. ಭಾರತದಲ್ಲಿ ಮೊದಲು ಗುರುತಾದದ್ದು ನಮ್ಮ ಪಕ್ಕದ ಜಿಲ್ಲೆಯಲ್ಲೇ. ಅದರ ಮೂಲವೂ ಅಮೆರಿಕ ಖಂಡ. 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿಕೊಂಡಿತು, ಎರಡು ವರ್ಷಕ್ಕೆ ನಮ್ಮಲ್ಲಿಗೆ, ಇನ್ನೊಂದು ವರ್ಷ ತುಂಬುವುದರೊಳಗೆ ಚೀನಾಕ್ಕೆ. ಅದರ ಚಿಟ್ಟೆ ಒಂದು ರಾತ್ರಿಗೆ ನೂರು ಕಿಲೋಮೀಟರ್ ಹಾರಬಲ್ಲದು.

ಇಲ್ಲಿ ಒಂದು ಸಂಗತಿ ಇದೆ. ಮೆಕ್ಕೆಜೋಳ ಶತಮಾನಗಳ ಹಿಂದೆ ಸಮುದ್ರ ದಾಟಿ ಬಂದಾಗ ತನ್ನ ಈ ಶತ್ರುವನ್ನು ಅಲ್ಲೇ ಬಿಟ್ಟು ಬಂದಿತ್ತು. ಇಷ್ಟು ಕಾಲ ಆ ಲಾಭ ನಮಗೆ ಸಿಕ್ಕಿತು. 2018ರಲ್ಲಿ ಶತ್ರು ಬೆನ್ನಟ್ಟಿ ಬಂದು ಸೇರಿತು. ಬೆಳೆ ಬಂತು, ಅದು ಹೊರನಾಡಿನದು, ನಾವು ಉಂಡೆವು. ಹುಳು ಬಂತು, ಅದು ಆಕ್ರಮಣಕಾರಿ, ಅದು ನಮ್ಮನ್ನು ಉಂಡಿತು. ಒಂದೇ ಖಂಡದಿಂದ ಬಂದ ಎರಡು ಜೀವ, ಒಂದೇ ಹೊಲದಲ್ಲಿ. ಇದಕ್ಕಿಂತ ಸ್ಪಷ್ಟ ಪಾಠ ಬೇಕೇ?

ಈ ಖರ್ಚು ಯಾರ ತಲೆಗೆ ಬಿತ್ತು? ಸುಳಿಯೊಳಗೆ ಕೂತ ಹುಳುವಿಗೆ ಒಂದು ಸಲ ಹೊಡೆದರೆ ಸಾಲದು, ಎರಡು ಸಲ, ಮೂರು ಸಲ. ಔಷಧಿ ಅಂಗಡಿಯಲ್ಲಿ ಉದ್ರಿ, ಹೊಡೆಯುವ ಆಳಿಗೆ ರೊಕ್ಕ. ಬೆಂಬಲ ಬೆಲೆ ಲೆಕ್ಕ ಹಾಕುವವರು ನೋಡುವುದು ಹಿಂದಿನ ವರ್ಷಗಳ ಖರ್ಚಿನ ಅಂಕಿ. ಹೊಸ ಹುಳುವಿನ ಮೊದಲ ವರ್ಷದ ಖರ್ಚು ಆ ಅಂಕಿಯಲ್ಲಿ ಎಲ್ಲಿಂದ ಬರಬೇಕು? 2016ರಲ್ಲಿ ಶುರುವಾದ ಫಸಲ್ ಬಿಮಾ ಯೋಜನೆ ಹಣ ಕೊಡುವುದು ಇಳುವರಿ ಕುಸಿದರೆ. ಮೂರು ಸಲ ಔಷಧಿ ಹೊಡೆದು ಇಳುವರಿ ಉಳಿಸಿಕೊಂಡವನಿಗೆ ಅದು ಬಿಡಿಗಾಸು ಕೊಡುವುದಿಲ್ಲ. ಬೆಳೆ ಕಳೆದುಕೊಂಡವನು ಸಂತ್ರಸ್ತ, ಸಾಲ ಮಾಡಿ ಉಳಿಸಿಕೊಂಡವನು ಯಾರ ಪಟ್ಟಿಯಲ್ಲೂ ಇಲ್ಲ.

ಬಾಗಿಲು ಕಾಯಲು ಕಾಯಿದೆ ಇಲ್ಲವೆಂದಲ್ಲ. ಹಾನಿಕಾರಕ ಕೀಟಗಳ ಕಾಯಿದೆ 1914ರಲ್ಲೇ ಬಂತು. ಹೊರದೇಶದ ಬೀಜ, ಗಿಡ, ಧಾನ್ಯವನ್ನು ಬಂದರಿನಲ್ಲಿ ಪರೀಕ್ಷಿಸುವ ಆದೇಶ 2003ರದ್ದು. ಹಾರಿ ಬರುವ ಚಿಟ್ಟೆಯನ್ನು ಬಂದರಿನಲ್ಲಿ ತಡೆಯಲಾಗದು, ಒಪ್ಪೋಣ. ಆದರೆ ಹಡಗಿನಲ್ಲಿ ಚೀಲದೊಳಗೆ ಬರುವುದನ್ನು ತಡೆಯಬಹುದು. ಹೊರಗಿನ ಧಾನ್ಯ ತರಿಸುವಾಗ ಲಾಭ ಒಬ್ಬರಿಗೆ, ಅದರ ಜೊತೆ ಬಂದ ಕಳೆ ಕೀಳುವ ಕೂಲಿ ಇನ್ನೊಬ್ಬರಿಗೆ ಎನ್ನುವುದು ನ್ಯಾಯವಲ್ಲ. ಈ ಮಾತನ್ನು ನಾವು ಕೇಳುತ್ತಲೇ ಇರಬೇಕು. ಕೇಳಬೇಕಾದರೆ ಕೈಯಲ್ಲಿ ಲೆಕ್ಕ ಇರಬೇಕು.

ಏನು ಮಾಡಬೇಕು

ಮೊದಲನೆಯದು, ಲೆಕ್ಕ. ಬೆಳೆಯ ಖರ್ಚು ಬರೆಯುವಾಗ ಕಳೆ ತೆಗೆದ ಕೂಲಿ, ಹೊಸ ಹುಳುವಿಗೆ ಹೊಡೆದ ಔಷಧಿ ಇವೆರಡನ್ನು ಬೇರೆ ಸಾಲಿನಲ್ಲಿ ಬರೆಯಿರಿ. "ಬಹಳ ಖರ್ಚಾಯ್ತು ಸ್ವಾಮಿ" ಎಂದರೆ ಅಧಿಕಾರಿ ತಲೆಯಾಡಿಸುತ್ತಾನೆ. ಎಕರೆಗೆ ಇಷ್ಟು ಎಂದು ಹತ್ತು ಊರಿನ ಲೆಕ್ಕ ಮುಂದಿಟ್ಟರೆ ಉತ್ತರ ಹೇಳಲೇಬೇಕಾಗುತ್ತದೆ.

ಎರಡನೆಯದು, ಹೊತ್ತು. ಕಾಂಗ್ರೆಸ್ ಗಿಡವನ್ನು ಮಳೆ ಬಿದ್ದು ನೆಲ ಹಸಿಯಿರುವಾಗ, ಹೂ ಬರುವ ಮುಂಚೆ ಬೇರುಸಮೇತ ಕೀಳಬೇಕು. ಬರಿಗೈಲಿ ಬೇಡ, ಕೈಚೀಲವೋ ಬಟ್ಟೆಯೋ ಸುತ್ತಿಕೊಳ್ಳಿ, ಮೂಗಿಗೆ ವಲ್ಲಿ ಕಟ್ಟಿಕೊಳ್ಳಿ. ಹೂ ಬಾರದ ಗಿಡ ಗೊಬ್ಬರದ ಗುಂಡಿಗೆ ಹಾಕಬಹುದು. ಹೂ ಬೀಜ ಬಂದದ್ದನ್ನು ತಿಪ್ಪೆಗೆ ಹಾಕಿದರೆ ಮುಂದಿನ ವರ್ಷ ಗೊಬ್ಬರದ ಜೊತೆ ನೀವೇ ಅದನ್ನು ಬಿತ್ತಿದಂತೆ. ಬಳ್ಳಾರಿ ಜಾಲಿಯನ್ನು ಬರೀ ಕಡಿದರೆ ಪ್ರಯೋಜನವಿಲ್ಲ, ಸಣ್ಣದಿರುವಾಗಲೇ ಬುಡ ಅಗೆದು ತೆಗೆಯಬೇಕು.

ಮೂರನೆಯದು, ಒಟ್ಟು. ನಿಮ್ಮ ಹೊಲ ಸ್ವಚ್ಛ ಮಾಡಿ ಪಕ್ಕದ ರಸ್ತೆ, ನಾಲೆ ಏರಿ, ಶಾಲೆಯ ಅಂಗಳ ಹಾಗೇ ಬಿಟ್ಟರೆ ಗಾಳಿ, ನೀರು, ಟ್ರ್ಯಾಕ್ಟರಿನ ಗಾಲಿ ಬೀಜವನ್ನು ಮತ್ತೆ ತರುತ್ತವೆ. ಹೊರ ಜಿಲ್ಲೆಯಿಂದ ಬರುವ ಕಟಾವು ಯಂತ್ರವನ್ನು ಗದ್ದೆಗೆ ಇಳಿಸುವ ಮುಂಚೆ ಗುಡಿಸಿ ಬರಲು ಹೇಳಿ. ಪ್ರತಿ ವರ್ಷ ಆಗಸ್ಟ್ 16ರಿಂದ 22ರವರೆಗೆ ದೇಶದಲ್ಲಿ ಪಾರ್ಥೇನಿಯಂ ಜಾಗೃತಿ ಸಪ್ತಾಹ ಎಂದು ಮಾಡುತ್ತಾರೆ. ಪಟ್ಟಣದಲ್ಲಿ ಅದು ಭಾಷಣದಲ್ಲಿ ಮುಗಿಯುತ್ತದೆ. ಹಳ್ಳಿಯಲ್ಲಿ ಆ ವಾರ ಮನೆಗೊಬ್ಬರಂತೆ ಒಂದು ಬೆಳಿಗ್ಗೆ ಹೊರಟರೆ ಒಂದು ಊರಿನ ರಸ್ತೆ ಬದಿ ಮುಗಿಯುತ್ತದೆ. ಪಂಚಾಯಿತಿ ಜಾಗ ಪಂಚಾಯಿತಿ ಮಾಡಲಿ, ನಾಲೆ ಏರಿ ನೀರಾವರಿ ಇಲಾಖೆ ಮಾಡಲಿ ಎಂದು ಗ್ರಾಮಸಭೆಯಲ್ಲಿ ಬರೆಸಿ. ಅವರು ಮಾಡುವ ತನಕ ಗಿಡ ಮಾತ್ರ ಕಾಯುವುದಿಲ್ಲ.

ನಾಲ್ಕನೆಯದು, ಎಚ್ಚರ. ಯಾರಾದರೂ ಹೊಸ ಮೇವಿನ ಗಿಡ, ಹೊಸ ಮೀನು, ಬೇಲಿಗೆ ಹೊಸ ಗಿಡ ಎಂದು ತಂದುಕೊಟ್ಟರೆ ಹೊರಗಿನದು ಎಂದು ಎಸೆಯಲೂ ಬೇಡಿ, ಪುಕ್ಕಟೆ ಬಂತೆಂದು ಹಚ್ಚಲೂ ಬೇಡಿ. ಆ ಮೂರು ಪ್ರಶ್ನೆ ಕೇಳಿ. ಹಿಂದೆ ಕೆರೆಯ ಅಂದಕ್ಕೆಂದು ತಂದ ನೇರಳೆ ಹೂವಿನ ನೀರುಗಿಡ ಈಗ ಎರಡು ವಾರಕ್ಕೆ ಎರಡರಷ್ಟು ಬೆಳೆದು ಊರ ಚರಂಡಿ ಸೇರುವ ಕೆರೆಗಳನ್ನೆಲ್ಲ ಮುಚ್ಚಿ ಕೂತಿದೆ. ತೋಟದ ಹೂವೆಂದು ತಂದ ಲಂಟಾನ ಕಾಡನ್ನೇ ನುಂಗಿದೆ. ಎರಡನ್ನೂ ತಂದವರು ಕೆಟ್ಟವರೇನಲ್ಲ, ಕೇಳದೆ ತಂದವರು.

ಬಂಧುಗಳೇ, ನಮ್ಮ ಹಿರಿಯರು ಜೋಳ, ರಾಗಿ, ಮೆಣಸಿನಕಾಯಿ, ಶೇಂಗಾ ಒಂದೊಂದನ್ನೂ ಬಿತ್ತಿ ನೋಡಿ, ಉಂಡು ನೋಡಿ, ಒಳ್ಳೆಯದನ್ನು ಒಳಗೆ ಕರೆದುಕೊಂಡರು. ಆ ಬುದ್ಧಿ ಬಿಟ್ಟು "ಪರದೇಶದ್ದು" ಎಂಬ ಒಂದೇ ಬೈಗುಳದಲ್ಲಿ ಎಲ್ಲವನ್ನೂ ಕಟ್ಟಿಹಾಕಿದರೆ ನಿಜವಾದ ಹಗೆ ಪಕ್ಕದಲ್ಲೇ ಹೂ ಬಿಡುತ್ತಿರುತ್ತದೆ. ಈ ಮಳೆಗಾಲದಲ್ಲಿ ನಿಮ್ಮ ಬದುವಿನ ಮೇಲೆ ಕಾಣುವ ಮೊದಲ ಕಾಂಗ್ರೆಸ್ ಗಿಡಕ್ಕೆ ಇನ್ನೂ ಹೂ ಬಂದಿಲ್ಲದಿದ್ದರೆ, ಈ ಪತ್ರಿಕೆ ಕೆಳಗಿಟ್ಟು ಅದನ್ನು ಕಿತ್ತು ಬನ್ನಿ.